ಸತ್ತ ಹುಂಜದ ಮರಿಗಳು: ಒಂಬತ್ತು ಬೆರಕೆ ಮರಿಗಳ ಒಂದು ಪ್ರಕರಣ

ಯಲಹಂಕದಿಂದ ಹೆಸರಘಟ್ಟದ ಕಡೆ ಹೋಗುವ ದಾರಿಯಲ್ಲಿ ಒಂದು ಹೊಸ ಬಡಾವಣೆ. ಕೆಲವು ವರ್ಷದ ಹಿಂದೆ ರಾಗಿ ಹೊಲವಾಗಿದ್ದ ಜಾಗ. ಈಗ ಮೂವತ್ತು ನಲವತ್ತರ ಸೈಟುಗಳು, ನಡುವೆ ಇನ್ನೂ ಒಂದೆರಡು ಖಾಲಿ. ಅಲ್ಲಿನ ಒಂದು ಮನೆಯ ಕೋಳಿಗಳ ಕತೆ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಅಡ್ಡರಸ್ತೆ ಯಾವುದೂ ಇಲ್ಲಿ ಬರುವುದಿಲ್ಲ. ಮನೆಯೊಡತಿಯನ್ನು ಅಕ್ಕ ಎನ್ನುತ್ತೇನೆ. ಪಕ್ಕದ ಮನೆಯವರು ನಿವೃತ್ತ ಶಿಕ್ಷಕರು, ಅವರು ಮೇಷ್ಟ್ರು. ಕೋಳಿಗಳ ಹೆಸರು ಮಾತ್ರ ನಿಜವಾದದ್ದು. ಅವುಗಳ ಗುಟ್ಟು ಕಾಪಾಡುವ ಅಗತ್ಯ ಕಾಣಲಿಲ್ಲ.

ನಾನು ಪಶುವೈದ್ಯನಲ್ಲ. ಇಪ್ಪತ್ತು ವರ್ಷದಿಂದ ಮನೆ ಹಿಂದೆ ಕೋಳಿ ಸಾಕುತ್ತಿರುವವನು. ಗುರುತಿನವರು ಫೋನು ಮಾಡಿ ಕೇಳುತ್ತಾರೆ, ಹೋಗಿ ನೋಡುತ್ತೇನೆ. ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದೇ. ಬರೆಯುವುದಕ್ಕೆ ಅದೂ ಒಂದು ಕಾರಣ.

ಯಾರ್ಯಾರಿದ್ದರು

ಅಕ್ಕನ ಮನೆಯಲ್ಲಿ ಮೂರು ಹೇಂಟೆ, ಒಂದು ಹುಂಜ.

ಕೆಂಚಿ ನಾಟಿ ಕೋಳಿ. ಕಂದು ಮೈ, ಹಳದಿ ಕಾಲು. ಕಾವಿಗೆ ಕೂತರೆ ಅಲುಗಾಡದ ಜಾತಿ. ಎರಡನೆಯದು ಜೀಬ್ರಾ, ಮಕ್ಕಳಿಟ್ಟ ಹೆಸರು. ಕಪ್ಪು ಗರಿಯ ಮೇಲೆ ಬಿಳಿ ಅಡ್ಡಪಟ್ಟೆ. ಸಂತೆಯಲ್ಲಿ ಮಾರಿದವನು ಗಿರಿರಾಜ ಎಂದಿದ್ದನಂತೆ. ಗಿರಿರಾಜ ತಳಿ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹೊರತಂದದ್ದು. ಆಮೇಲೆ ಸಂತೆಯಲ್ಲಿ ಸ್ವಲ್ಪ ದಪ್ಪಗೆ, ಬಣ್ಣಬಣ್ಣವಾಗಿ ಕಂಡ ಕೋಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಅದು ನಿಜವಾಗಿ ಯಾವ ತಳಿ ಎನ್ನುವುದು ಇಲ್ಲಿ ಮುಖ್ಯವಲ್ಲ. ಪಟ್ಟೆ ಮುಖ್ಯ. ಮೂರನೆಯದು ರಣಹದ್ದು. ಕತ್ತಿನಲ್ಲಿ ಪುಕ್ಕವಿಲ್ಲ, ಗಂಟಲ ಕೆಳಗೆ ಒಂದು ಸಣ್ಣ ಕುಚ್ಚು ಮಾತ್ರ. ಮೊದಲ ಸಲ ನೋಡಿದವರು ರೋಗ ಎಂದುಕೊಳ್ಳುತ್ತಾರೆ. ರೋಗವಲ್ಲ, ಹುಟ್ಟುಗುಣ.

ಹುಂಜ ಕೆಂಪು ನಾಟಿ. ಒಂಟಿ ಜುಟ್ಟು, ಹಳದಿ ಕಾಲು. ಯುಗಾದಿಯ ಮರುದಿನ, ಹೊಸತೊಡಕಿಗೆ ಅದು ಸಾರಾಯಿತು. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ?

ಆಮೇಲೆ ಒಂದು ವಾರದೊಳಗೆ ಮೇಷ್ಟ್ರ ಮನೆಯ ಕಡಕ್‌ನಾಥ್ ಹುಂಜ ಕಾಂಪೌಂಡು ಹಾರಿ ಬರಲು ಶುರು ಮಾಡಿತು. ಮೊದಲು ಕೆಂಪು ಹುಂಜದ ಹೆದರಿಕೆಗೆ ಆ ಕಡೆಯೇ ಇರುತ್ತಿದ್ದದ್ದು ಅದು.

ಏಪ್ರಿಲ್‌ನಲ್ಲಿ ಕೆಂಚಿ ಕಾವಿಗೆ ಕೂತಳು. ಅಡುಗೆಮನೆ ಹಿಂದೆ, ಹಳೆ ಹಣ್ಣಿನ ಕ್ರೇಟಿನಲ್ಲಿ ಹುಲ್ಲು ಹಾಸಿದ ಗೂಡು. ಹತ್ತು ಹನ್ನೊಂದು ದಿನದಲ್ಲಿ ಸೇರಿದ ಹನ್ನೊಂದು ಮೊಟ್ಟೆ ಅವಳ ಕೆಳಗೆ ಇಟ್ಟರು. ಮೂರೂ ಹೇಂಟೆಗಳು ಅದೇ ಕ್ರೇಟಿನಲ್ಲಿ ಇಡುತ್ತಿದ್ದವು. 21 ದಿನಕ್ಕೆ ಒಂಬತ್ತು ಮರಿಯಾದವು, ಎರಡು ಮೊಟ್ಟೆ ಕೆಟ್ಟವು.

ಇಕ್ಕಟ್ಟು

ಮನೆ ಬಳಕೆಗೆ ಕೋಳಿ ಸಾಕುವವರಿಗೆ ಮರಿ ಗಂಡೋ ಹೆಣ್ಣೋ ಎನ್ನುವುದು ಸಾಮಾನ್ಯವಾಗಿ ಅವಸರದ ಪ್ರಶ್ನೆಯಲ್ಲ. ಬೆಳೆದ ಮೇಲೆ ಗೊತ್ತಾಗುತ್ತದೆ, ಅಲ್ವಾ? ಇಲ್ಲಿ ಅವಸರ ಮೂರು ಕಡೆಯಿಂದ ಬಂತು.

ಮೇಲಿನ ಮಹಡಿಯ ಬಾಡಿಗೆದಾರರು ರಾತ್ರಿ ಪಾಳಿ ಕೆಲಸದವರು, ಬೆಳಗಿನ ಜಾವ ಮಲಗುವವರು. ಕೆಂಪು ಹುಂಜದ ಕೂಗಿಗೆ ಆಗಲೇ ಒಂದು ಸಲ ಜಗಳವಾಗಿತ್ತು. ಇನ್ನು ಮುಂದೆ ಹುಂಜ ಸಾಕುವುದಿಲ್ಲ ಎಂದು ಅಕ್ಕ ಮಾತು ಕೊಟ್ಟಿದ್ದರು. ಹಾಗಾಗಿ ಗಂಡು ಮರಿಗಳನ್ನು ಬೇಗ ಸಾಗಹಾಕಬೇಕಿತ್ತು.

ಎರಡನೆಯದು ಮೇಷ್ಟ್ರು. "ನನ್ನ ಹುಂಜದ ಮರಿಗಳಲ್ಲಿ ಎರಡಾದರೂ ನನಗೆ ಬರಬೇಕಮ್ಮ" ಎಂದು ನಗುತ್ತಲೇ ಹೇಳಿದರು. ನಗು ಇತ್ತು, ಆದರೆ ಸುಮ್ನೆ ಹೇಳಿದ ಮಾತಲ್ಲ.

ಮೂರನೆಯದು ದುಡ್ಡು. ಮೇಷ್ಟ್ರ ಪರಿಚಯದವರೊಬ್ಬರಿಗೆ ಕಡಕ್‌ನಾಥ್ ಬೆರಕೆಯ ಯಾಟೆ, ಅಂದರೆ ಎಳೆಯ ಹೆಣ್ಣು ಕೋಳಿ, ಬೇಕಿತ್ತು. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯ ಕೋಳಿ. ಚರ್ಮ, ಮಾಂಸ, ಮೂಳೆಯ ಮೇಲಿನ ಪೊರೆ ಎಲ್ಲ ಕಪ್ಪು. 2018ರಲ್ಲಿ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಹೆಸರಿಗೇ ಈಗ ಬೆಲೆ, ಬೆರಕೆಯಾದರೂ ಸರಿ. ಆ ಪರಿಚಯದವರು ಒಂಬತ್ತರಲ್ಲಿ ಕಪ್ಪಗಿದ್ದ ಒಂದು ಮರಿಯನ್ನು ತೋರಿಸಿ ಐನೂರು ರೂಪಾಯಿ ಮುಂಗಡ ಕೊಟ್ಟೇಬಿಟ್ಟರು.

ಎರಡನೇ ದಿನ ನಾನು ಮಾಡಿದ್ದು

ಮರಿಗಳಿಗೆ ಎರಡು ದಿನ ಆಗಿದ್ದಾಗ ಅಕ್ಕ ಕರೆದರು. ಮಂಕರಿ ಎತ್ತಿ ಒಂದೊಂದೇ ಮರಿ ಹಿಡಿದು, ರೆಕ್ಕೆ ಬಿಡಿಸಿ ನೋಡಿದೆ. ರೆಕ್ಕೆಯ ಅಂಚಿನಲ್ಲಿ ಎರಡು ಸಾಲು ಎಳೆ ಗರಿ ಇರುತ್ತವೆ. ಒಂದು ಸಾಲು ಉದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ಎರಡೂ ಸಮ ಇದ್ದರೆ ಗಂಡು. ಇದು ಎಲ್ಲರೂ ಹೇಳುವ ವಿದ್ಯೆ. ನಾಲ್ಕು ಮರಿಯ ಕಾಲಿಗೆ ಗಂಡೆಂದು ಕೆಂಪು ದಾರ, ಐದಕ್ಕೆ ಹೆಣ್ಣೆಂದು ನೀಲಿ ದಾರ ಕಟ್ಟಿ, ಕಾಫಿ ಕುಡಿದು ಬಂದೆ.

ಆ ವಿದ್ಯೆ ಸುಳ್ಳಲ್ಲ, ಅದರ ಜಾಗ ಬೇರೆ. ಹ್ಯಾಚರಿಗಳಲ್ಲಿ ಗರಿ ನಿಧಾನವಾಗಿ ಬರುವ ಸಾಲಿನ ಹೇಂಟೆಗೆ ಗರಿ ಬೇಗ ಬರುವ ಸಾಲಿನ ಹುಂಜವನ್ನು ಬೇಕೆಂದೇ ಕೂಡಿಸಿರುತ್ತಾರೆ. ಆಗ ಗಂಡು ಮರಿಗಳಿಗೆ ಗರಿ ನಿಧಾನ, ಹೆಣ್ಣಿಗೆ ಬೇಗ. ಹಾಗೆ ಜೋಡಿ ಮಾಡಿರದ ಮನೆ ಕೋಳಿಗಳಲ್ಲಿ ಆ ಗರಿ ಲಿಂಗದ ವಿಷಯ ಏನೂ ಹೇಳುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೂ ಮಾಡಿದೆ. ಕರೆದವರು ಕಾಯುತ್ತಾ ನಿಂತಿದ್ದಾಗ ಗೊತ್ತಿಲ್ಲ ಎನ್ನುವುದು ಕಷ್ಟ.

ಹಿಂಭಾಗ ಒತ್ತಿ ನೋಡುವ ವಿದ್ಯೆಯೂ ಒಂದಿದೆ. ಜಪಾನಿನವರು 1920ರ ದಶಕದಲ್ಲಿ ರೂಢಿಗೆ ತಂದದ್ದು. ಕಲಿತವರು ಒಂದು ದಿನದ ಮರಿಯನ್ನು ಕ್ಷಣದಲ್ಲಿ ಹೇಳಿಬಿಡುತ್ತಾರೆ. ಕಲಿಯದವರು ಒತ್ತಿದರೆ ಮರಿಯ ಕರುಳಿಗೇ ಪೆಟ್ಟು. ನಾನು ಕಲಿತಿಲ್ಲ, ಮುಟ್ಟಲಿಲ್ಲ. ಅಕ್ಕನ ಅತ್ತೆ ಚೂಪು ಮೊಟ್ಟೆಯಲ್ಲಿ ಹುಂಜ, ಗುಂಡು ಮೊಟ್ಟೆಯಲ್ಲಿ ಯಾಟೆ ಎನ್ನುತ್ತಿದ್ದರು. ಮೊಟ್ಟೆಯ ಆಕಾರ ಇಡುವ ಹೇಂಟೆಯ ಗುಣ, ಒಳಗಿನ ಮರಿಯದಲ್ಲ. ಆದರೆ ಆ ದಿನ ನನ್ನ ದಾರಕ್ಕಿಂತ ಅತ್ತೆಯ ಮಾತೇನೂ ಕಡಿಮೆ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮೂರನೇ ವಾರದಲ್ಲಿ ಅಕ್ಕನ ತಮ್ಮ ಮಾಗಡಿ ಕಡೆಯ ಊರಿನಿಂದ ಬಂದಿದ್ದರು. ಕೆಂಪು ದಾರದ ನಾಲ್ಕರಲ್ಲಿ ಮೂರನ್ನು ಡಬ್ಬಿಗೆ ಹಾಕಿ ಅವರ ಕೈಗೆ ಕೊಟ್ಟರು. ನಾಲ್ಕನೆಯದನ್ನು ಮಗಳು ಬಿಡಲಿಲ್ಲ. ಹೊರಟ ಮೂರು ಯಾವುವೆಂದರೆ: ಕತ್ತು ಬೋಳಾದ ಒಂದು ಮರಿ, ಬೆನ್ನ ಮೇಲೆ ಅಳಿಲಿನ ಹಾಗೆ ಗೆರೆಯಿದ್ದ ಒಂದು ಕಂದು ಮರಿ, ಮಸಿ ಬಳಿದ ಹಾಗಿದ್ದ ಒಂದು ಮಾಸಲು ಮರಿ. ಈ ಮಸಿ ಮರಿಯನ್ನು ನೆನಪಿಡಿ.

ಐದನೇ ವಾರ: ಪಟ್ಟೆ ಬಂತು

ಐದನೇ ವಾರದಲ್ಲಿ ಅಕ್ಕ ಮತ್ತೆ ಫೋನು ಮಾಡಿದರು. "ಅಣ್ಣ, ಎರಡು ಮರಿ ಜೀಬ್ರಾ ಥರಾನೇ ಆಗ್ತಿವೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ. ಏನು ಕತೆ?"

ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಜೀಬ್ರಾ ಗೂಡಿನಲ್ಲಿ ಮೊಟ್ಟೆ ಇಟ್ಟಿದ್ದಾಳೆಂದು ಮೊದಲ ದಿನವೇ ಕೇಳಿ ತಿಳಿದಿದ್ದರೆ ದಾರದ ಅಗತ್ಯವೇ ಇರಲಿಲ್ಲ. ನಾನು ಕೇಳಿರಲಿಲ್ಲ. ಕಾವಿಗೆ ಕೂತವಳು ಕೆಂಚಿ, ಮರಿ ಕೆಂಚಿಯವು ಎಂದುಕೊಂಡಿದ್ದೆ.

ಕೋಳಿಯ ಲೆಕ್ಕ ನಮ್ಮದಕ್ಕೆ ಉಲ್ಟಾ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎನ್ನುವುದು ತಂದೆಯಿಂದ ಬರುವ ಕ್ರೋಮೋಸೋಮಿನ ಮೇಲೆ ನಿಂತಿದೆ. ಕೋಳಿಯಲ್ಲಿ ತಾಯಿಯಿಂದ ಬರುವುದರ ಮೇಲೆ. ಹುಂಜಕ್ಕೆ ಎರಡು ಝಡ್ ಕ್ರೋಮೋಸೋಮು. ಹೇಂಟೆಗೆ ಒಂದು ಝಡ್, ಒಂದು ಡಬ್ಲ್ಯೂ. ತಾಯಿ ಝಡ್ ಕೊಟ್ಟರೆ ಮರಿ ಗಂಡು, ಡಬ್ಲ್ಯೂ ಕೊಟ್ಟರೆ ಹೆಣ್ಣು. ಈಗ ಪಟ್ಟೆಯ ಗುಣ ಕೂತಿರುವುದು ಝಡ್ ಮೇಲೆ. ಜೀಬ್ರಾಳ ಝಡ್ ಹೋಗುವುದು ಗಂಡುಮಕ್ಕಳಿಗೆ ಮಾತ್ರ. ಅಂದರೆ ತಾಯಿಯ ಪಟ್ಟೆ ಮಗನಿಗೆ, ಮಗಳಿಗೆ ಇಲ್ಲ. ಹುಂಜದ ಕಡೆ ಪಟ್ಟೆ ಇರಬಾರದು, ಅಷ್ಟೇ ಷರತ್ತು. ಇಲ್ಲಿ ಇರಲಿಲ್ಲ.

ಆ ಎರಡೂ ಮರಿ ಜೀಬ್ರಾಳ ಗಂಡುಮಕ್ಕಳು. ಕೆಂಪು ದಾರ ಸರಿ, ನೀಲಿ ದಾರ ತಪ್ಪು.

ಇನ್ನೂ ಬೇಜಾರಿನ ವಿಷಯ ಏನೆಂದರೆ, ಇದಕ್ಕೆ ಐದು ವಾರ ಕಾಯಬೇಕಾಗಿರಲಿಲ್ಲ. ಪಟ್ಟೆಯ ಗುಣವಿರುವ ಕಪ್ಪು ಮರಿ ಹುಟ್ಟುವಾಗಲೇ ನೆತ್ತಿಯ ಮೇಲೆ ಒಂದು ಬಿಳಿ ಮಚ್ಚೆ ಇಟ್ಟುಕೊಂಡು ಬರುತ್ತದೆ. ಅಕ್ಕನ ಮಗಳು ಮೊದಲ ದಿನ ಮರಿಗಳ ಫೋಟೋ ತೆಗೆದಿದ್ದಳು. ಮೊಬೈಲು ತರಿಸಿ ಹಿಗ್ಗಿಸಿ ನೋಡಿದೆವು. ಮೂರು ಕಪ್ಪು ಮರಿ ಸಾಲಾಗಿ ಕೂತಿವೆ, ಅದರಲ್ಲಿ ಎರಡರ ತಲೆಯ ಮೇಲೆ ಸುಣ್ಣದ ಬೆರಳು ಒತ್ತಿದ ಹಾಗೆ ಮಚ್ಚೆ. ಹೊಟ್ಟೆ, ರೆಕ್ಕೆಯ ತುದಿ ಬೆಳ್ಳಗಿರುವುದು ಲೆಕ್ಕಕ್ಕಿಲ್ಲ, ಅದು ಎಲ್ಲ ಕಪ್ಪು ಮರಿಗೂ ಇರುತ್ತದೆ. ನೆತ್ತಿ ನೋಡಬೇಕು.

ಈ ಫೋಟೋವೇ ಪ್ರಕರಣದ ತಿರುವು. ಅಲ್ಲಿಯವರೆಗೆ ನಾವೆಲ್ಲ ಗಂಡೋ ಹೆಣ್ಣೋ ಎಂದು ಮೊದಲು ಕೇಳಿ, ಅಪ್ಪ ಯಾರು ಎಂದು ಆಮೇಲೆ ಕೇಳುತ್ತಿದ್ದೆವು. ಬೆರಕೆ ಮರಿಗಳಲ್ಲಿ ಈ ಸಾಲು ತಿರುಗಬೇಕು. ಅಮ್ಮ ಯಾರು, ಅಪ್ಪ ಯಾರು ಎನ್ನುವುದು ಬಿಡಿಸಿಕೊಂಡರೆ ಕೆಲವು ಮರಿಗಳ ಲಿಂಗ ತಾನೇ ಬಿಚ್ಚಿಕೊಳ್ಳುತ್ತದೆ. ನಾನು ದಾರಗಳನ್ನೆಲ್ಲ ಕತ್ತರಿಸಿ, ಒಂದು ನೋಟುಬುಕ್ಕಿನ ಹಾಳೆಯಲ್ಲಿ ಒಂಬತ್ತು ಸಾಲು ಎಳೆದು, ಮೊದಲಿನಿಂದ ಶುರು ಮಾಡಿದೆ.

"ಸತ್ತ ಹುಂಜ ಮರಿ ಮಾಡುತ್ತಾ?"

ಹಾಳೆ ನೋಡಲು ಮೇಷ್ಟ್ರೂ ಬಂದರು. ಅವರ ವಾದ ನೇರವಾಗಿತ್ತು. "ನಿಮ್ಮ ಹುಂಜ ಹೊಸತೊಡಕಿಗೆ ಹೋಯಿತು. ಮೊಟ್ಟೆ ಸೇರಿಸಿದ್ದು ಆಮೇಲೆ. ಸತ್ತ ಹುಂಜ ಮರಿ ಮಾಡುತ್ತಾ?"

ಮಾಡುತ್ತದೆ. ಹೇಂಟೆಯ ಅಂಡನಾಳದಲ್ಲಿ ಹುಂಜದ ವೀರ್ಯ ಕೂಡಿಟ್ಟುಕೊಳ್ಳುವ ಸಣ್ಣ ಸಣ್ಣ ನಳಿಕೆಗಳಿವೆ. ಒಂದು ಸಲ ಸೇರಿದರೆ ಎರಡು ವಾರ, ಕೆಲವು ಸಲ ಮೂರು ವಾರದವರೆಗೂ ಮೊಟ್ಟೆ ಫಲವಂತವಾಗುತ್ತಿರುತ್ತದೆ. ಹೊಸ ಹುಂಜ ಬಂದರೆ ಹೊಸದರ ಪಾಲು ಜಾಸ್ತಿ. ಆದರೆ ಹಳೆಯದು ಒಮ್ಮೆಗೇ ಅಳಿಸಿಹೋಗುವುದಿಲ್ಲ. ಇಲ್ಲಿ ಮೇಷ್ಟ್ರ ಹುಂಜ ಬರಲು ಶುರು ಮಾಡುವ ಮೊದಲಿನ ವಾರದ ಮೊಟ್ಟೆಗಳೇ ಅರ್ಧಕ್ಕಿಂತ ಜಾಸ್ತಿ. ಅವು ಸಾರಾದ ಹುಂಜದವೇ ಆಗಿರಬೇಕು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಗುರುತು ಹೇಗೆ?" ಎಂದರು. ಒಳ್ಳೆಯ ಶಿಕ್ಷಕರು ಎನಿಸಿತು.

ಗುರುತು ಹಿಡಿಯುವಾಗ ನಾನು ಹೋಲಿಕೆ ಹುಡುಕಲಿಲ್ಲ. ಹೋಲಿಕೆ ಮೋಸ ಮಾಡುತ್ತದೆ. ಮರಿಯ ಮೈಮೇಲೆ ಅದರ ತಾಯಿ ಕೊಟ್ಟಿರಲು ಸಾಧ್ಯವೇ ಇಲ್ಲದ್ದು ಏನಿದೆ ಎಂದು ಹುಡುಕಿದೆ. ಅದು ಅಪ್ಪನಿಂದಲೇ ಬಂದಿರಬೇಕು.

ಬೋಳು ಕತ್ತಿನ ಎರಡು ಮರಿಗಳ ಅಮ್ಮ ರಣಹದ್ದು, ಅನುಮಾನವಿಲ್ಲ. ಇಂಥ ಗುಣ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿಯಾಗಿ ಬರುತ್ತದೆ. ಬೋಳು ಕತ್ತು ಒಂದೇ ಪ್ರತಿ ಇದ್ದರೂ ಕಾಣಿಸಿಕೊಳ್ಳುವ ಗುಣ, ಬೇರೆ ಯಾವ ಕೋಳಿಗೂ ಅಲ್ಲಿ ಅದಿರಲಿಲ್ಲ. ಆದರೆ ರಣಹದ್ದಿಗೆ ಗಂಟಲ ಕೆಳಗೆ ಕುಚ್ಚಿದೆ. ಕುಚ್ಚಿದ್ದರೆ ಅದರ ಹತ್ತಿರ ಇರುವುದು ಒಂದೇ ಪ್ರತಿ, ಎರಡಿದ್ದರೆ ಕತ್ತು ಪೂರ್ತಿ ಬೋಳು. ಹಾಗಾಗಿ ಅವಳ ಮರಿಗಳಲ್ಲಿ ಅರ್ಧದಷ್ಟು ಮಾತ್ರ ಬೋಳು, ಉಳಿದವು ಸಾಧಾರಣ ಕತ್ತಿನವು. ಗೆರೆ ಬೆನ್ನಿನ ಎರಡು ಕಂದು ಮರಿ ಕೆಂಚಿಯವೋ ರಣಹದ್ದಿನವೋ ಎಂದು ಹೇಳಲು ದಾರಿಯೇ ಇರಲಿಲ್ಲ. ಹಾಳೆಯಲ್ಲಿ ಆ ಜಾಗ ಖಾಲಿ ಬಿಟ್ಟೆ. ಈಗಲೂ ಖಾಲಿಯಿದೆ.

ಇನ್ನು ಎಲ್ಲರ ಕಣ್ಣಿದ್ದ ಕಪ್ಪು ಮರಿ, ಮುಂಗಡ ಕೊಟ್ಟದ್ದು. ಮೈಯೆಲ್ಲ ಕಪ್ಪು, ಕಾಲೂ ಕಪ್ಪು. ಮೇಷ್ಟ್ರಿಗೆ ಅದು ತಮ್ಮ ಹುಂಜದ್ದೆಂದು ಖಾತ್ರಿ. ನಾನು ಅದನ್ನು ಮಡಿಲಲ್ಲಿ ಅಂಗಾತ ಮಲಗಿಸಿ ರೆಕ್ಕೆ ಎತ್ತಿದೆ. ಕಂಕುಳ ಚರ್ಮ ಎಳೆ ಗುಲಾಬಿ. ಕೊಕ್ಕು ತೆರೆದರೆ ನಾಲಿಗೆ ಗುಲಾಬಿ. ಅಂಗಾಲು ಹಳದಿ. ಕಾಲಿನ ಕಪ್ಪು ಬರೀ ಮೇಲಿನ ಹುರುಪೆಯದು.

ಗರಿಯ ಕಪ್ಪು ಬೇರೆ, ಚರ್ಮದ ಕಪ್ಪು ಬೇರೆ. ಗರಿಯ ಕಪ್ಪನ್ನು ಜೀಬ್ರಾಳೇ ಕೊಡಬಲ್ಲಳು. ಅವಳು ಪಟ್ಟೆ ಹೊದ್ದ ಕಪ್ಪು ಕೋಳಿ, ಮಗಳಿಗೆ ಪಟ್ಟೆ ಹೋಗದೆ ಕಪ್ಪು ಮಾತ್ರ ಹೋಗುತ್ತದೆ. ಅಂದರೆ ಇದು ಜೀಬ್ರಾಳ ಮಗಳು. ಕಡಕ್‌ನಾಥ್‌ನ ಚರ್ಮದ ಕಪ್ಪು ಮರಿಗೆ ಒಂದು ಪ್ರತಿ ಬಂದರೂ ಎಲ್ಲಾದರೂ ಇಣುಕುತ್ತದೆ. ಇಲ್ಲಿ ಎಲ್ಲೂ ಇರಲಿಲ್ಲ. ಎಂಟನೇ ವಾರಕ್ಕೆ ಕತ್ತಿನ ಸುತ್ತ ಹೊಂಬಣ್ಣದ ಗರಿ ಬಂದು, ಕೆಂಪು ಹುಂಜದ ಕಡೆ ಇನ್ನಷ್ಟು ವಾಲಿತು.

ಇಲ್ಲಿ ಒಂದು ಎಚ್ಚರಿಕೆ ಬೇಕಾಯಿತು. ಮೇಷ್ಟ್ರ ಹುಂಜವನ್ನೂ ಹಿಡಿದು ನೋಡಿದ್ದೆ. ನಾಲಿಗೆ ಕಪ್ಪು, ಆದರೆ ಜುಟ್ಟಿನಲ್ಲಿ ಕೆಂಪು ಸ್ವಲ್ಪ ಜಾಸ್ತಿಯೇ ಇತ್ತು. ಅದೇ ಬೆರಕೆಯಾಗಿದ್ದರೆ ಅದರ ಮರಿಗಳಲ್ಲಿ ಕೆಲವು ಗುಲಾಬಿ ಚರ್ಮದವೂ ಆಗಬಹುದು. ಹಾಗಾಗಿ "ಇದು ನಿಮ್ಮ ಹುಂಜದ್ದು ಅಲ್ಲವೇ ಅಲ್ಲ" ಎನ್ನಲಿಲ್ಲ. "ಅಪ್ಪ ಯಾರೇ ಆಗಲಿ, ಇದನ್ನು ಕಡಕ್‌ನಾಥ್ ಬೆರಕೆ ಎಂದು ಮಾರುವ ಹಾಗಿಲ್ಲ. ಕೊಳ್ಳುವವರಿಗೆ ಬೇಕಿರುವುದು ಕಪ್ಪು ಚರ್ಮ, ಇದರಲ್ಲಿ ಅದಿಲ್ಲ" ಎಂದೆ. ಅಕ್ಕ ಆ ಸಂಜೆಯೇ ಕೊಳ್ಳುವವರನ್ನು ಕರೆಸಿ, ಮರಿಯ ಬಾಯಿ ತೆರೆದು ತೋರಿಸಿ, ಐನೂರು ವಾಪಸ್ಸು ಕೊಟ್ಟರು. ಈ ಇಡೀ ಪ್ರಕರಣದಲ್ಲಿ ತಡವಿಲ್ಲದೆ, ತಪ್ಪಿಲ್ಲದೆ ಆದ ತೀರ್ಮಾನ ಅದೊಂದೇ.

ಮಸಿ ಮರಿ

ಮತ್ತೆ ಫೋಟೋಗಳಿಗೆ ಹೋದೆ. ಮಾಗಡಿಗೆ ಹೋಗಿದ್ದ ಮಸಿ ಮರಿ ಒಂದು ಚಿತ್ರದಲ್ಲಿ ಕೊಕ್ಕು ತೆರೆದು ಅರಚುತ್ತಿದೆ. ಬಾಯಿಯೊಳಗೆ ಕಾಡಿಗೆ.

ಅಕ್ಕನ ತಮ್ಮನಿಗೆ ವಿಡಿಯೋ ಕಾಲ್ ಮಾಡಿಸಿದೆ. ಅವರು ಒಂದು ಕೈಯಲ್ಲಿ ಮೊಬೈಲು, ಒಂದು ಕೈಯಲ್ಲಿ ಮರಿ ಹಿಡಿದು ಒದ್ದಾಡಿದರು. ರೆಕ್ಕೆ ಕೆಳಗೆ ಕಪ್ಪು, ಅಂಗಾಲು ಕಪ್ಪು, ಮುಖದ ಚರ್ಮ ಕಪ್ಪು. ಸಂಶಯವೇ ಇಲ್ಲದೆ ಕಡಕ್‌ನಾಥ್ ಮಗು. ಜೊತೆಗೆ ಅದು ಹೆಣ್ಣು. ಜುಟ್ಟು ಬಾಲ ನೋಡಿ ಹೇಳಿದ ಮಾತಲ್ಲ, ಚರ್ಮ ನೋಡಿ ಹೇಳಿದ್ದು.

ಕಾರಣ ಮತ್ತೆ ಅದೇ ಝಡ್. ಕೆಂಚಿಯಂಥ, ರಣಹದ್ದಿನಂಥ ತಿಳಿ ಕಾಲಿನ ಹೇಂಟೆಗಳ ಝಡ್ ಮೇಲೆ ಚರ್ಮದ ಕಪ್ಪನ್ನು ತಡೆಯುವ ಒಂದು ಗುಣ ಕೂತಿರುತ್ತದೆ. ಆ ತಡೆ ಹೋಗುವುದು ಗಂಡುಮಕ್ಕಳಿಗೆ ಮಾತ್ರ. ಕಡಕ್‌ನಾಥ್ ಹುಂಜಕ್ಕೆ ತಿಳಿ ಕಾಲಿನ ಹೇಂಟೆ ಸೇರಿದರೆ ಹೆಣ್ಣು ಮರಿಗಳು ಅಪ್ಪನ ಹಾಗೆ ಗಾಢ ಕಪ್ಪು. ಗಂಡು ಮರಿಗಳಲ್ಲಿ ಕಪ್ಪು ಅಲ್ಲಲ್ಲಿ ಮಸುಕಾಗಿ ಕಂಡರೆ ಹೆಚ್ಚು. ಇದೇ ಲೆಕ್ಕವನ್ನು ಬೇಟ್ಸನ್ ಮತ್ತು ಪನ್ನೆಟ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1911ರಲ್ಲೇ ಬರೆದಿಟ್ಟಿದ್ದಾರೆ. ಅವರು ನೋಡಿದ್ದು ಕಪ್ಪು ಚರ್ಮದ ಇನ್ನೊಂದು ಕೋಳಿ, ಸಿಲ್ಕಿ.

ಅಪ್ಪ ಯಾರೆಂಬ ಗುರುತೂ ಹೆಣ್ಣೆಂಬ ಗುರುತೂ ಒಂದೇ ನಾಲಿಗೆಯ ಮೇಲೆ ಇತ್ತು. ಎರಡನೇ ದಿನ ರೆಕ್ಕೆ ಬಿಡಿಸಿದ ಬದಲು ಬಾಯಿ ತೆರೆದಿದ್ದರೆ ಆವತ್ತೇ ಬಲವಾದ ಸುಳಿವು ಸಿಗುತ್ತಿತ್ತು. ಒಂಬತ್ತರಲ್ಲಿ ಕೊಳ್ಳುವವರಿಗೆ ನಿಜವಾಗಿ ಬೇಕಿದ್ದದ್ದು ಅದೊಂದೇ. ಅದಕ್ಕೇ ನಾನು ಕೆಂಪು ದಾರ ಕಟ್ಟಿ ಕಳಿಸಿದ್ದೆ.

"ಅದನ್ನ ವಾಪಸ್ ತಂದುಕೊಡ್ತೀಯೇನೋ?" ಎಂದು ಅಕ್ಕ ಕೇಳಿದರು. "ಅಕ್ಕಾ, ಕೊಟ್ಟಿದ್ದು ಕೊಟ್ಟಾಯ್ತು. ಅವರೇ ತಾನೇ ಹುಂಜ ಅಂತ ದಾರ ಕಟ್ಟಿದ್ದು, ಹುಂಜನೇ ಇರಲಿ ಬಿಡು" ಎಂದ ತಮ್ಮ. ಪರದೆಯಲ್ಲಿ ನನ್ನ ಮುಖ ಅವನಿಗೆ ಕಾಣುತ್ತಿತ್ತು.

ಮೇಷ್ಟ್ರ ಪಾಲಿಗೆ ಖಚಿತವಾಗಿ ಉಳಿದದ್ದು ಒಂದೇ ಮರಿ. ಪಟ್ಟೆಯ ಎರಡು ಗಂಡುಗಳಲ್ಲಿ ಒಂದರ ಕಂಕುಳಲ್ಲಿ ಮಸಿ ಚೆಲ್ಲಿದ ಹಾಗೆ ಕಲೆಗಳಿದ್ದವು, ಅಂಗುಳಲ್ಲೂ ಒಂದು ಕಲೆ. ಅದು ಕಡಕ್‌ನಾಥ್ ಮಗ. ಇನ್ನೊಂದು ಪಟ್ಟೆಯದರ ಚರ್ಮ ಪೂರ್ತಿ ಹಳದಿ, ಅದರ ಅಪ್ಪ ಕೆಂಪು ಹುಂಜ. ಮೇಷ್ಟ್ರು ಕಲೆಯ ಮರಿಯನ್ನು ತೆಗೆದುಕೊಂಡು ಹೋದರು. ಎರಡು ಕೇಳಿದ್ದವರು ಒಂದಕ್ಕೆ ಒಪ್ಪಿದ್ದು ಅವರ ದೊಡ್ಡತನ.

ಬೇರೆ ಜುಟ್ಟಿನ ಮರಿ

ಹಾಳೆಯಲ್ಲಿ ಒಂಬತ್ತನೇ ಸಾಲು ಒಂದು ಕಂದು ಮರಿಯದು. ಅದರ ಜುಟ್ಟು ಬೇರೆ ಥರ ಇತ್ತು. ಎಲ್ಲವಕ್ಕೂ ಗರಗಸದ ಹಾಗೆ ಒಂದು ಏಣು. ಇದಕ್ಕೆ ಹಣೆಗೆ ಅಂಟಿದ ಹಾಗೆ ಗಿಡ್ಡಾಗಿ ಮೂರು ಸಾಲು, ಬೆರಳಾಡಿಸಿದರೆ ಕಾಳಿನ ಹಾಗೆ ತಗಲುತ್ತದೆ. ಇಂಥ ಜುಟ್ಟು ಒಂಟಿ ಜುಟ್ಟಿನ ಎರಡು ಕೋಳಿಗಳಿಗೆ ಹುಟ್ಟುವುದಿಲ್ಲ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಾದರೂ ಇರಲೇಬೇಕು. ಮೂರು ಹೇಂಟೆ, ಕೆಂಪು ಹುಂಜ, ಮೇಷ್ಟ್ರ ಹುಂಜ, ಎಲ್ಲವಕ್ಕೂ ಒಂಟಿ ಜುಟ್ಟೇ.

"ಅಕ್ಕ, ಮೂರನೇ ಹುಂಜ ಒಂದು ಬಂದಿದೆ" ಎಂದೆ.

"ನಮ್ಮ ಕೋಳಿಗಳ ಮರ್ಯಾದೆ ತೆಗೆದುಬಿಟ್ರಲ್ಲ ಅಣ್ಣ" ಎಂದು ಅಕ್ಕ ಸೆರಗು ಬಾಯಿಗಿಟ್ಟು ನಕ್ಕರು. ಮೇಷ್ಟ್ರೂ ನಕ್ಕರು. ಹಿಂದಿನ ಖಾಲಿ ಸೈಟು ದಾಟಿ ಹೋಗಿ ನೋಡಿದರೆ ತೋಟದ ಶೆಡ್ಡಿನ ಕಾವಲುಗಾರರ ಹತ್ತಿರ ಒಂದು ಎತ್ತರದ ಅಸೀಲ್ ಜಾತಿಯ ಹುಂಜ. ಅದೇ ಕಾಳು ಜುಟ್ಟು. ಕಟ್ಟಿಯೇ ಇಟ್ಟಿರುತ್ತೇವೆ ಎಂದರು. ಹಗ್ಗ ಉದ್ದವಿತ್ತು.

ಇಷ್ಟು ಹೊತ್ತಿಗೆ ನನಗೆ ಧೈರ್ಯ ಬಂದುಬಿಟ್ಟಿತ್ತು. ಅದೇ ಎರಡನೇ ತಪ್ಪಿಗೆ ಕಾರಣ. ಎಂಟನೇ ವಾರದಲ್ಲಿ ಉಳಿದ ಮರಿಗಳ ಲಿಂಗ ನೋಡಿದೆ. ಆ ವಯಸ್ಸಿಗೆ ಒಂಟಿ ಜುಟ್ಟಿನ ಗಂಡುಗಳಲ್ಲಿ ಜುಟ್ಟು ಕೆಂಪೇರಿ ಎದ್ದು ನಿಂತಿರುತ್ತದೆ, ಹೆಣ್ಣುಗಳಲ್ಲಿ ಇನ್ನೂ ತಿಳಿ ಹಳದಿ. ಗೆರೆ ಬೆನ್ನಿನ ಕಂದು ಮರಿಗಳಲ್ಲಿ ಎದೆಯೂ ಹೇಳುತ್ತದೆ. ಹೆಣ್ಣಿಗೆ ಇಟ್ಟಿಗೆ ಛಾಯೆಯ ಎದೆ, ಗಂಡಿಗೆ ಕಪ್ಪು ಗರಿ ಬರುತ್ತದೆ. ಮನೆಯಲ್ಲಿ ಉಳಿದ ಗೆರೆ ಮರಿ ಗಂಡು, ಬೋಳು ಕತ್ತಿನದು ಹೆಣ್ಣು. ಇದೆಲ್ಲ ಸರಿಯಾಗಿತ್ತು. ಕಾಳು ಜುಟ್ಟಿನ ಮರಿಯದು ಚಿಕ್ಕದು, ಪೇಲವ. "ಇದು ಹೆಣ್ಣೇ, ಇಟ್ಟುಕೊಳ್ಳಿ" ಎಂದೆ. ಕಾಳು ಜುಟ್ಟು ಗಂಡಿನಲ್ಲೂ ನಿಧಾನ ಬೆಳೆಯುತ್ತದೆ, ಅಸೀಲ್ ರಕ್ತ ತಡವಾಗಿ ಬಲಿಯುತ್ತದೆ ಎನ್ನುವುದನ್ನು ಬದಿಗಿಟ್ಟೆ. ಅದರ ಕಾಲು ಉಳಿದವಕ್ಕಿಂತ ದಪ್ಪ ಇತ್ತು, ನಿಲ್ಲುತ್ತಿದ್ದದ್ದು ನೆಟ್ಟಗೆ. ಎರಡೂ ಕಣ್ಣಿಗೆ ಬಿದ್ದಿದ್ದವು.

ಲಿಂಗವನ್ನು ಖಚಿತವಾಗಿ ಹೇಳುವ ಡಿಎನ್‌ಎ ಪರೀಕ್ಷೆ ಇದೆ. ಮನೆಯಲ್ಲಿ ಗಿಳಿ ಸಾಕುವವರು ಕಿತ್ತ ಗರಿ ಕಳಿಸಿ ಮಾಡಿಸುತ್ತಾರೆ. ಅಕ್ಕನ ಗಂಡ ಅದನ್ನು ಎತ್ತಿದರು. ಒಂದು ನಾಟಿ ಮರಿಗೆ ಅಷ್ಟು ಖರ್ಚು ಬೇಡ, ತಿಂಗಳು ಕಾದರೆ ಬಿಟ್ಟಿ ಗೊತ್ತಾಗುತ್ತದೆ ಎಂದು ನಾನೇ ತಡೆದೆ. ಆ ಸಲಹೆ ಈಗಲೂ ಸರಿ ಎನಿಸುತ್ತದೆ. ಆದರೆ ಕಾಯಿರಿ ಎಂದವನು ಕಾಯಬೇಕಿತ್ತು. ಹನ್ನೆರಡನೇ ವಾರದ ಸುಮಾರಿಗೆ ಬೆನ್ನಿನ ಕೊನೆ, ಬಾಲದ ಬುಡದ ಎರಡು ಪಕ್ಕ ನೋಡಿದರೆ ಮುಗಿಯಿತು. ಗಂಡಾದರೆ ಅಲ್ಲಿ ಸಪೂರ, ಚೂಪು, ಹೊಳೆಯುವ ಗರಿಗಳು ಇಳಿಬಿದ್ದಿರುತ್ತವೆ. ಹೆಣ್ಣಾದರೆ ತುದಿ ದುಂಡಗೆ. ಯಾವ ಬೆರಕೆಯಲ್ಲೂ ನಾನು ಜಾಸ್ತಿ ನಂಬುವ ಗುರುತು ಅದು.

ಹದಿನೈದನೇ ವಾರ, ಬೆಳಿಗ್ಗೆ ಐದಕ್ಕೆ ಆ ಮರಿ ಕೂಗಿತು. ಗಂಟಲು ಒಡೆದ, ಅರ್ಧ ಕೂಗು. ಮೇಲಿನವರು ಕೆಲಸ ಮುಗಿಸಿ ಆಗಷ್ಟೇ ಮಲಗಿದ್ದರಂತೆ. ಅದೂ ಶ್ರಾವಣ ಮಾಸ. ಮನೆಯಲ್ಲಿ ಮಾಂಸ ಮಾಡುವ ಹಾಗಿಲ್ಲ, ಕೂಗುವ ಹುಂಜ ಇಟ್ಟುಕೊಳ್ಳುವ ಹಾಗೂ ಇಲ್ಲ. ರಾತ್ರಿಯೆಲ್ಲ ರಟ್ಟಿನ ಡಬ್ಬದಲ್ಲಿ ಮುಚ್ಚಿಟ್ಟು ಎಂಟು ಗಂಟೆಗೆ ಹೊರಗೆ ಬಿಡುವ ವ್ಯವಸ್ಥೆ ನಾಲ್ಕು ದಿನ ನಡೆಯಿತು. ಐದನೇ ದಿನ ಅಕ್ಕ ಅದನ್ನು ಶೆಡ್ಡಿನ ಕಾವಲುಗಾರರಿಗೆ ಕೊಟ್ಟುಬಂದರು. ಅಪ್ಪನ ಮನೆಗೇ ಹೋಯಿತು.

ಕೊನೆಯ ಲೆಕ್ಕ

ಒಂಬತ್ತರಲ್ಲಿ ಐದು ಗಂಡು, ನಾಲ್ಕು ಹೆಣ್ಣು. ನನ್ನ ದಾರಗಳಲ್ಲಿ ಸರಿಯಾದದ್ದು ನಾಲ್ಕು, ತಪ್ಪಿದ್ದು ಐದು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಆಗುತ್ತಿತ್ತು. ಹುಂಜವೆಂದು ಮಾಗಡಿಗೆ ಕಳಿಸಿದ ಮೂರರಲ್ಲಿ ಎರಡು ಹೆಣ್ಣು. ಮನೆಯಲ್ಲಿ ಉಳಿಸಿಕೊಂಡ ಆರರಲ್ಲಿ ಹೆಣ್ಣು ಎರಡೇ. ಅಪ್ಪಂದಿರ ಲೆಕ್ಕದಲ್ಲಿ ಸತ್ತ ಕೆಂಪು ಹುಂಜಕ್ಕೆ ಆರು, ಮೇಷ್ಟ್ರ ಹುಂಜಕ್ಕೆ ಎರಡು, ಹಗ್ಗದ ಹುಂಜಕ್ಕೆ ಒಂದು. ಕೆಂಪು ಹುಂಜದ ಆರರಲ್ಲಿ ಕಪ್ಪು ಮರಿಯ ಮುಂದೆ ಹಾಳೆಯಲ್ಲಿ ಒಂದು ಸಣ್ಣ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಅಕ್ಕ ಈಗ ಮೊಟ್ಟೆ ತೆಗೆದ ಕೂಡಲೇ ಪೆನ್ಸಿಲಿನಲ್ಲಿ ತಾರೀಖು ಬರೆಯುತ್ತಾರೆ. ಯಾರು ಇಟ್ಟದ್ದೆಂದು ಕಂಡಿದ್ದರೆ ಕೆಂ, ಜೀ, ರ ಎಂದು ಒಂದು ಅಕ್ಷರ. ಮುಂದಿನ ಕಾವಿಗೆ ಮೇಷ್ಟ್ರ ಹುಂಜವನ್ನೇ ಕೇಳಿ ತಂದು, ಮೂರೂ ಹೇಂಟೆಗಳ ಜೊತೆ ಜಾಲರಿಯೊಳಗೆ ಬಿಟ್ಟರು. ಮೊದಲ ಮೂರು ವಾರದ ಮೊಟ್ಟೆಗಳನ್ನು ಆಮ್ಲೆಟ್ ಮಾಡಿ ತಿಂದು, ನಾಲ್ಕನೇ ವಾರದಿಂದ ಕೂಡಿಟ್ಟರು. ಪಕ್ಕದ ಮನೆಯ ಹುಂಜವಾದ್ದರಿಂದ ರಾತ್ರಿ ಅದರ ಮನೆಗೇ ಕಳಿಸುತ್ತಾರೆ. ಬೆಳಗಿನ ಕೂಗು ಮೇಷ್ಟ್ರ ಲೆಕ್ಕಕ್ಕೆ.

ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಮಾಗಡಿಯಿಂದ ಫೋನು ಬಂತು.

"ಅಣ್ಣ, ನಿಮ್ಮ ಕೆಂಪು ದಾರದ ಹುಂಜ ಇವತ್ತು ಮೊಟ್ಟೆ ಇಟ್ಟಿದೆ. ಇನ್ನೊಂದು ಹದಿನೈದು ದಿನಕ್ಕೆ ಕಾವಿಗೆ ಕೂರಿಸೋಣ ಅಂತಿದ್ದೀನಿ. ಮರಿ ಆದ ಮೇಲೆ ಬಂದು ನೋಡಿ ಹೇಳ್ತೀರಾ?"

"ಬರ್ತೀನಿ. ಅದರ ಜೊತೆ ಯಾವ ಹುಂಜ ಬಿಟ್ಟಿದ್ದೀರಿ?"

"ಯಾವುದು ಅಂತ ಹೇಳಲಿ ಅಣ್ಣ? ಬೀದಿಯಲ್ಲಿ ಇರೋದೆಲ್ಲ ಬರ್ತವೆ."